ಬಿಗಿದು ಕಟ್ಟಿದ ಕುರ್ಚಿ

ಜನವರಿ 12

ಅಪ್ಪನಿಗೆ,

ಕವರು ದಪ್ಪಗಿದೆ ಎಂದು ಅಮ್ಮ ಆಸೆ ಪಟ್ಟುಕೊಳ್ಳುವುದು ಬೇಡ. ಒಳಗಿರುವುದು ನನ್ನ ಮದುವೆಯ ಸುದ್ದಿಯಲ್ಲ, ಆಫೀಸಿನ ಕೆಲಸ.

ನಮ್ಮ ಪ್ರಕಾಶನದವರು ದೇಹದ ಬಗ್ಗೆ ಚಿಕ್ಕ ಪುಸ್ತಕಗಳನ್ನು ತರುತ್ತಿದ್ದಾರೆ. ಏನೂ ಗೊತ್ತಿಲ್ಲದವರು ಓದಿ ತಿಳಿಯುವಂಥವು. ಹೃದಯ ಒಬ್ಬರಿಗೆ ಹೋಯಿತು, ಕಣ್ಣು ಇನ್ನೊಬ್ಬರಿಗೆ. ಹಂಚುವ ದಿನ ನಾನು ರಜೆಯಲ್ಲಿದ್ದೆ. ಹಾಗಾಗಿ ಯಾರಿಗೂ ಬೇಡವಾದ ಎಂಡೊಕ್ಯಾನಬಿನಾಯ್ಡ್ ವ್ಯವಸ್ಥೆ ನನ್ನ ಪಾಲಿಗೆ ಬಂತು. ಬಾಯಲ್ಲಿ ಮೊಳೆ ಇಟ್ಟುಕೊಂಡು ಈ ಹೆಸರು ಹೇಳಲು ಹೋಗಬೇಡ, ನುಂಗಿಬಿಡುತ್ತೀಯ.

ನಮ್ಮ ಸಂಪಾದಕಿ ಹೇಳಿದರು, “ನಿಮ್ಮಪ್ಪ ಸೋಫಾ ರಿಪೇರಿ ಮಾಡ್ತಾರಲ್ವಾ? ಬರೆದಿದ್ದನ್ನ ಅವರಿಗೇ ಕಳಿಸಿ. ಎಲ್ಲೆಲ್ಲಿ ಆಕಳಿಸ್ತಾರೋ ಅಲ್ಲಿ ಒಂದು ಗೆರೆ ಹಾಕಲಿ. ಅಷ್ಟನ್ನ ಮತ್ತೆ ಬರೆದ್ರೆ ಆಯ್ತು.” ಇಂದಿನಿಂದ ನೀನು ನಮ್ಮ ಪ್ರಕಾಶನದ ಅಧಿಕೃತ ಆಕಳಿಕೆಗಾರ.

ಮೊದಲ ಅಧ್ಯಾಯದ ಸಾರ ಇಷ್ಟು. ಗಾಂಜಾ ಗಿಡ ಗೊತ್ತಲ್ಲ (ಅಮ್ಮನಿಗೆ ಈ ಸಾಲು ಓದಿ ಹೇಳಬೇಡ). ಅದನ್ನು ಸೇದಿದವನಿಗೆ ಹಸಿವು ಹೆಚ್ಚುತ್ತದೆ, ನೋವು ಕಡಿಮೆ ಅನ್ನಿಸುತ್ತದೆ, ಸುಮ್ಮಸುಮ್ಮನೆ ನಗು ಬರುತ್ತದೆ. ಯಾಕೆ ಎಂದು ಹುಡುಕುತ್ತಾ ಹೋದ ವಿಜ್ಞಾನಿಗಳಿಗೆ ಮಿದುಳಿನಲ್ಲಿ ಒಂದು ಬಗೆಯ ಬೀಗ ಸಿಕ್ಕಿತು. ಗಿಡದ ರಸ ಆ ಬೀಗಕ್ಕೆ ಕಳ್ಳಕೀಲಿ. ಆದರೆ ಎಲ್ಲೋ ಬೆಳೆಯುವ ಗಿಡಕ್ಕಾಗಿ ನಮ್ಮ ಮೈ ಬೀಗ ಮಾಡಿಸಿಟ್ಟುಕೊಳ್ಳುತ್ತದೆಯೇ? ಅಸಲಿ ಕೀಲಿ ಮೈಯೊಳಗೇ ಇರಬೇಕು ಎಂದು ಹುಡುಕಿದರು, ಸಿಕ್ಕಿತು. ಮೈ ತನ್ನದೇ ಕೊಬ್ಬಿನಿಂದ ಮಾಡಿಕೊಳ್ಳುವ ಒಂದು ಅಣು. ಅದಕ್ಕೆ ಅವರು ಆನಂದಮೈಡ್ ಎಂದು ಹೆಸರಿಟ್ಟರು. ಹೌದು, ಅದು ನಮ್ಮ ಆನಂದವೇ. ಆಮೇಲೆ ಇನ್ನೊಂದು ಕೀಲಿಯೂ ಸಿಕ್ಕಿತು, ಅದರ ಹೆಸರು ಹೇಳಿ ನಿನ್ನನ್ನು ಕಾಡುವುದಿಲ್ಲ. ಈ ಬೀಗ, ಕೀಲಿಗಳ ಏರ್ಪಾಟೇ ಆ ಉದ್ದ ಹೆಸರಿನ ವ್ಯವಸ್ಥೆ.

ಮಂಡಿ ಹೇಗಿದೆ? ಈ ಸಲ ಸೋಫಾದಿಂದ ಏನು ಬಂತು?

ನಿನ್ನ ಪೆನ್ಸಿಲ್


ಜನವರಿ 21

ಪೆನ್ಸಿಲ್,

ಎರಡು ಕಡೆ ಆಕಳಿಸಿದ್ದೇನೆ. ನೀಲಿ ಚಾಕ್‌ಪೀಸಿನ ಗೆರೆ ನೋಡು. ಒಂದು ನಿನ್ನ ತಪ್ಪಲ್ಲ, ಆಗಷ್ಟೇ ಹೊಟ್ಟೆ ತುಂಬಾ ಊಟ ಆಗಿತ್ತು. ಇನ್ನೊಂದು ಕಡೆ ಮಾತ್ರ ‘ಪ್ರಸ್ತುತ’, ‘ಪ್ರಕ್ರಿಯೆ’, ‘ಪ್ರತಿಪಾದನೆ’ ಮೂರೂ ಒಂದೇ ಸಾಲಿನಲ್ಲಿ ಕೂತಿವೆ. ಹತ್ತಿ ಗಂಟುಕಟ್ಟಿದ ಹಾಗಿದೆ, ಬಿಡಿಸಿ ತುಂಬು.

ಅಮ್ಮನಿಗೆ ಓದಬೇಡ ಎಂದಿದ್ದ ಸಾಲನ್ನೇ ಅವಳು ಮೊದಲು ಓದಿದಳು. “ಅಷ್ಟು ವರ್ಷ ಓದಿಸಿದ್ದು ಇದಕ್ಕಾ?” ಅಂದಳು. ಆಮೇಲೆ ಆನಂದದ ಹೆಸರು ಬಂದ ಕಡೆ ಸ್ವಲ್ಪ ತಣ್ಣಗಾದಳು. ನನ್ನದೊಂದು ಪ್ರಶ್ನೆ. ಕೀಲಿ ತಿರುಗಿಸಿದ ಮೇಲೆ ಅದನ್ನು ಬೀಗದಿಂದ ತೆಗೆಯುವವರು ಯಾರು? ಅಲ್ಲೇ ಬಿಟ್ಟರೆ ಬಾಗಿಲು ಇದ್ದೂ ಇಲ್ಲದ ಹಾಗಲ್ಲವೇ? ಇದನ್ನು ಬರೆಯದೆ ಮುಂದಿನ ಅಧ್ಯಾಯಕ್ಕೆ ಹೋದರೆ ನಾನು ಬೇಕೆಂದೇ ಆಕಳಿಸುತ್ತೇನೆ.

ಇದನ್ನೆಲ್ಲ ಫೋನಿನಲ್ಲಿ ಮಾತಾಡಬಾರದೇ ಎಂದು ನಿಮ್ಮ ಸಂಪಾದಕಿ ಕೇಳಬಹುದು. ಹಗಲೆಲ್ಲ ಬಾಯಲ್ಲಿ ಮೊಳೆ ತುಂಬಿಕೊಂಡು, ಒಂದೊಂದಾಗಿ ಸುತ್ತಿಗೆಯ ತುದಿಗೆ ಕೊಟ್ಟು ಬಡಿಯುವವನಿಗೆ ಫೋನು ಎಂಥದ್ದು. ಸಂಜೆ ಮೊಳೆ ಉಗುಳಿದ ಮೇಲೆ ನಿನ್ನ ಅಮ್ಮ ನನಗೆ ಮಾತಾಡಲು ಬಿಡಬೇಕಲ್ಲ. ನಮಗೆ ಪತ್ರವೇ ಸರಿ.

ಮಂಡಿ ನನ್ನ ಮೇಲೆ ಮುನಿಸಿಕೊಂಡಿದೆ. ಮಂಡಿಯೂರದೆ ನಮ್ಮ ಕಸುಬಿಲ್ಲ, ಊರಿದರೆ ಏಳಲು ಇಬ್ಬರು ಬೇಕು. ಮೂಳೆ ಡಾಕ್ಟರು ಹೇಳಿದ್ದು ಇಷ್ಟೇ: “ಮೊದಲು ಮೈ ಇಳಿಸಿ, ಆಮೇಲೆ ಮಂಡಿಗೆ ಕತ್ತರಿ ಹಾಕ್ತೀನಿ.” ಅದಕ್ಕೂ ನನ್ನ ಹತ್ತಿರ ಒಂದು ಉಪಾಯ ಇದೆ. ಈಗ ಹೇಳುವುದಿಲ್ಲ. ಬೇಸಿಗೆಯಲ್ಲಿ ನೀನು ಬಂದಾಗ ಬಾಗಿಲು ತೆಗೆದವನು ಯಾರು ಎಂದು ನಿನಗೇ ಅನುಮಾನ ಬರಬೇಕು.

ಈ ಸಲ ಸೋಫಾದಿಂದ ಬಂದದ್ದು: ಹಲ್ಲಿನ ಡಾಕ್ಟರ ಮನೆಯ ಮೂರು ಸೀಟಿನದರಿಂದ ಒಂದು ಕಟ್ಟುಹಲ್ಲಿನ ಸೆಟ್ಟು. ಅದು ಅವರದ್ದಲ್ಲವಂತೆ, ಅವರ ಮನೆಯವರದ್ದೂ ಅಲ್ಲವಂತೆ. ಯಾರೋ ನಗುತ್ತಾ ಬಂದು ಬೊಚ್ಚುಬಾಯಿಯಲ್ಲಿ ಹೋಗಿದ್ದಾರೆ.

ನಿನ್ನ ಅಪ್ಪ


ಜನವರಿ 30

ಅಕ್ಕನಿಗೆ ನಮಸ್ಕಾರ,

ನನ್ನ ಹೆಂಡತಿಯನ್ನು ಬಿಟ್ಟರೆ ನಿನಗೊಬ್ಬಳಿಗೇ ಹೇಳುತ್ತಿದ್ದೇನೆ, ಮಗಳ ಕಿವಿಗೆ ಹಾಕಬೇಡ. ಮೈ ಇಳಿಸಲು ನಮ್ಮ ಬೀದಿಯ ಡಾಕ್ಟರು ಹೊಸದಾಗಿ ಬಂದ ಒಂದು ಮಾತ್ರೆ ಕೊಟ್ಟಿದ್ದಾರೆ. ದಿನಕ್ಕೊಂದು ನುಂಗಿದರೆ ಹಸಿವಿನ ಸದ್ದೇ ಕೇಳುವುದಿಲ್ಲವಂತೆ. ನೀನು ನನ್ನನ್ನು ಗುಂಡ ಎಂದು ಕರೆಯಲು ಶುರುಮಾಡಿ ಒಂದು ಆಯುಷ್ಯ ಆಯಿತು. ಇನ್ನು ಮೇಲೆ ಬೇರೆ ಹೆಸರು ಯೋಚಿಸಿಟ್ಟುಕೋ.

ಮಗಳಿಗೆ ಹೇಳಿದರೆ ಊರಿನ ಪುಸ್ತಕವೆಲ್ಲ ಓದಿ, ಬೇಡ ಎನ್ನಲು ಇಪ್ಪತ್ತು ಕಾರಣ ಹುಡುಕುತ್ತಾಳೆ. ಅವಳ ಮುಂದೆ ಒಂದು ಸಲ ಸರಸರನೆ ಮಂಡಿಯೂರಿ ಎದ್ದು ತೋರಿಸಬೇಕು. ನನಗೆ ಇರುವ ಆಸೆ ಅದೊಂದೇ.

ನಿನ್ನ ತಮ್ಮ ಗುಂಡ (ಸದ್ಯಕ್ಕೆ)


ಫೆಬ್ರವರಿ 17

ಅಪ್ಪನಿಗೆ,

ನಿನ್ನ ಪ್ರಶ್ನೆ ನೋಡಿ ಸಂಪಾದಕಿ ಮೇಜು ಕುಟ್ಟಿ ನಕ್ಕರು. ಎರಡನೇ ಅಧ್ಯಾಯ ಪೂರ್ತಿ ಅದಕ್ಕೇ ಮೀಸಲು.

ಕೀಲಿಯನ್ನು ಯಾರೂ ತೆಗೆಯುವುದಿಲ್ಲ, ಪುಡಿ ಮಾಡುತ್ತಾರೆ. ಕೆಲಸ ಮುಗಿದ ಕೂಡಲೇ ಅದನ್ನು ಒಡೆದುಹಾಕುವ ಕಿಣ್ವಗಳು ಅಲ್ಲೇ ಕಾದಿರುತ್ತವೆ. ಈ ಕೀಲಿಗಳನ್ನು ಮೈ ಡಬ್ಬಿಯಲ್ಲಿ ತುಂಬಿಡುವುದೂ ಇಲ್ಲ. ಬೇಕಾದಾಗ, ಬೇಕಾದ ಕಡೆ, ಬೇಕಾದಷ್ಟು ಮಾಡಿಕೊಳ್ಳುತ್ತದೆ. ಬೀಗಗಳಲ್ಲಿ ಮುಖ್ಯವಾದವು ಎರಡು ಬಗೆ. ಒಂದು ಹೆಚ್ಚಾಗಿ ಮಿದುಳು ಮತ್ತು ನರಗಳಲ್ಲಿ, ಇನ್ನೊಂದು ಹೆಚ್ಚಾಗಿ ರೋಗದ ಜೊತೆ ಹೋರಾಡುವ ಕಣಗಳಲ್ಲಿ.

ಇನ್ನು ನನಗೆ ತುಂಬಾ ಇಷ್ಟವಾದದ್ದು. ನರಗಳಲ್ಲಿ ಸುದ್ದಿ ಸಾಮಾನ್ಯವಾಗಿ ಒಂದೇ ದಿಕ್ಕಿಗೆ ಹೋಗುತ್ತದೆ, ಕಳಿಸುವ ನರದಿಂದ ಕೇಳುವ ನರಕ್ಕೆ. ಆದರೆ ಈ ಕೀಲಿ ಹಿಂದಕ್ಕೆ ಹೋಗುತ್ತದೆ. ಕೇಳುತ್ತಿರುವ ನರ ಇದನ್ನು ಮಾಡಿ, ಕಳಿಸುತ್ತಿರುವ ನರಕ್ಕೆ ತಲುಪಿಸುತ್ತದೆ. “ಕೇಳಿಸ್ತು ಮಾರಾಯ, ಇಷ್ಟು ಕೂಗಬೇಡ” ಎಂದು ಹೇಳಿದ ಹಾಗೆ. ನೋವು, ಹಸಿವು, ಭಯ, ನಿದ್ದೆ, ನೆನಪು ಎಲ್ಲದರಲ್ಲೂ ಇದಕ್ಕೊಂದು ಕೈ ಇದೆ. ಕೂಗು ಜಾಸ್ತಿಯಾದಲ್ಲಿ ತಗ್ಗಿಸಿ ಮೈಯನ್ನು ಹದಕ್ಕೆ ತರುತ್ತದೆ.

ಇದನ್ನು ಓದುವಾಗ ನಿನ್ನ ಅಂಗಡಿ ನೆನಪಾಯಿತು. ಸ್ಪ್ರಿಂಗ್ ಕಟ್ಟುವಾಗ ನೀನು ಹೇಳುತ್ತಿದ್ದೆಯಲ್ಲ, “ಹುರಿ ಸ್ಪ್ರಿಂಗನ್ನ ಹಿಡ್ಕೋಬೇಕು, ಕಟ್ಟಿಹಾಕಬಾರದು” ಎಂದು. ಆ ಮಾತು ನನ್ನ ಪುಸ್ತಕಕ್ಕೆ ಬೇಕು. ಹೇಗೆ ಕಟ್ಟುತ್ತೀಯ ಎಂದು ವಿವರವಾಗಿ ಬರೆದು ಕಳಿಸು.

ನಿನ್ನ ಪೆನ್ಸಿಲ್


ಮಾರ್ಚ್ 15

ಮಗಳಿಗೆ,

ಅಧ್ಯಾಯ ಓದಿದೆ. ಚೆನ್ನಾಗಿದೆ.

ಸ್ಪ್ರಿಂಗಿಗೆ ನಾಲ್ಕೂ ಕಡೆಯಿಂದ ಮತ್ತು ಮೂಲೆಯಿಂದ ಮೂಲೆಗೆ ಹುರಿ ಕಟ್ಟಬೇಕು. ಸಡಿಲವಾದರೆ ಕೂತವರು ಮುಳುಗುತ್ತಾರೆ. ಬಿಗಿಯಾದರೆ ಹಲಗೆಯಾಗುತ್ತದೆ. ಬಿಚ್ಚುವ ಮೊದಲು ಕೂತು ನೋಡಬೇಕು. ಅಷ್ಟೇ.

ಮಂಡಿ ಪರವಾಗಿಲ್ಲ. ಕೆಲಸ ಇದೆ.

ಅಪ್ಪ

ಇದು ಅಮ್ಮ ಬರೆಯುವುದು. ಅವರು ಮಾತು ಕಡಿಮೆ ಮಾಡಿದ್ದಾರೆ. ಅಂಗಡಿ ಶುರುವಾದ ದಿನದಿಂದ ನಾನು ಕಾಯುತ್ತಿದ್ದ ಕಾಲ ಇದು. ಆದರೆ ಈಗ ನಾನೇ ಬಟ್ಟೆ ಕತ್ತರಿಸುತ್ತಾ ಏನಾದರೂ ಕೇಳುತ್ತಿರುತ್ತೇನೆ, ಉತ್ತರ ಬರುತ್ತದೋ ನೋಡೋಣ ಎಂದು. ನೀನು ಚೆನ್ನಾಗಿ ಊಟ ಮಾಡು.


ಏಪ್ರಿಲ್ 6

ಅಪ್ಪನಿಗೆ,

ನೀಲಿ ಗೆರೆ ಒಂದೂ ಇಲ್ಲ. ಅಷ್ಟು ಚೆನ್ನಾಗಿ ನಾನು ಬರೆಯುವುದಿಲ್ಲ ಎಂದು ನನಗೂ ಗೊತ್ತು, ನಿನಗೂ ಗೊತ್ತು.

ಪತ್ರ ಪೂರ್ತಿ ಹುಡುಕಿದೆ, ತಮಾಷೆ ಎಲ್ಲೂ ಸಿಗಲಿಲ್ಲ. ಮಗಳಿಗೆ ಎಂದು ಬರೆದಿದ್ದೀಯ. ನಾನು ಯಾವಾಗಿನಿಂದ ನಿನಗೆ ಮಗಳಾದೆ? ನಾನು ಪೆನ್ಸಿಲ್. ನನ್ನ ಮೇಲೆ ಕೋಪವಿದ್ದರೆ ಬೈದು ಬರಿ. ಬೇಸಿಗೆಯಲ್ಲಿ ಬರುತ್ತೇನೆ ಎಂದು ಹೇಳಿ ಪುಸ್ತಕದ ನೆಪದಲ್ಲಿ ಮುಂದೂಡುತ್ತಿದ್ದೇನೆ, ಅದಕ್ಕೇ ಇರಬಹುದು. ಅಥವಾ ಮಂಡಿ ನೋವು ತಡೆಯಲಾಗದಷ್ಟು ಆಗಿದೆಯೇ?

ಮೂರು ಪ್ರಶ್ನೆ ಕೇಳುತ್ತೇನೆ, ಉತ್ತರ ಬೇಕೇ ಬೇಕು. ರಾತ್ರಿ ನಿದ್ದೆ ಬರುತ್ತದೆಯೇ? ಕೊನೆಯ ಸಲ ಯಾವುದಕ್ಕೆ ನಕ್ಕೆ? ಈ ಸಲ ಸೋಫಾದಿಂದ ಏನು ಬಂತು?

ನಿನ್ನ ಪೆನ್ಸಿಲ್


ಏಪ್ರಿಲ್ 24

ಅಕ್ಕನಿಗೆ,

ಮೈ ಇಳಿದಿದೆ. ಬೆಲ್ಟಿಗೆ ಹೊಸ ತೂತು ಹಾಕಿದ್ದೇನೆ. ಬೀದಿಯವರೆಲ್ಲ ಹೊಗಳುತ್ತಾರೆ. ಡಾಕ್ಟರಿಗೂ ಸಂತೋಷ. ಏನಾದರೂ ತೊಂದರೆ ಇದೆಯಾ ಎಂದು ಪ್ರತಿ ಸಲ ಕೇಳುತ್ತಾರೆ, ಇಲ್ಲ ಎನ್ನುತ್ತೇನೆ.

ನಿನಗೆ ನಿಜ ಹೇಳುತ್ತೇನೆ. ಹಸಿವು ಹೋಯಿತು, ಅದರ ಹಿಂದೆಯೇ ಉಳಿದದ್ದೂ ಎದ್ದು ಹೋಯಿತು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯಲು ಮನಸ್ಸಾಗುವುದಿಲ್ಲ. ಯಾರಾದರೂ ನಕ್ಕರೆ ಯಾಕೆ ನಗುತ್ತಾರೆ ಎನ್ನಿಸುತ್ತದೆ. ಪಕ್ಕದ ಬೀದಿಯಲ್ಲಿ ರಿಟೈರಾದ ಹೆಡ್‌ಮಿಸ್ ಇದ್ದಾರಲ್ಲ, ಅವರ ಕುರ್ಚಿ ಬಂದಿತ್ತು. ಕೂತು ನೋಡದೆಯೇ ಬಿಚ್ಚಿದೆ, ಹೇಗೋ ಮುಗಿಸಿದೆ. ಮೊನ್ನೆ ವಾಪಸ್ ತಂದು ಇಳಿಸಿದರು. “ಇದು ನೋಡೋ ಕುರ್ಚಿ, ಕೂರೋ ಕುರ್ಚಿ ಅಲ್ಲ. ರೇಡಿಯೋ ಕೇಳ್ತಾ ಕೂತ್ರೆ ಪ್ರಿನ್ಸಿಪಾಲರ ಮುಂದೆ ನಿಂತ ಹಾಗಾಗುತ್ತೆ” ಅಂದರು. ಸ್ಪ್ರಿಂಗುಗಳನ್ನು ಹಲಗೆಯ ಹಾಗೆ ಬಿಗಿದುಬಿಟ್ಟಿದ್ದೆ. ನಾಚಿಕೆಯಾಗಬೇಕಿತ್ತು, ಅದೂ ಆಗಲಿಲ್ಲ. ಕುರ್ಚಿ ಮೂಲೆಯಲ್ಲಿದೆ.

ನನಗೆ ಈಗ ಅನ್ನಿಸುವುದು ಹೀಗೆ. ನಾನು ಮೊದಲಿಂದ ಇಂಥವನೇ ಇರಬೇಕು. ಇಷ್ಟು ವರ್ಷ ಕೊಬ್ಬಿನ ಕೆಳಗೆ ಮುಚ್ಚಿಹೋಗಿತ್ತು, ಈಗ ಮೈ ಇಳಿದು ಕಾಣುತ್ತಿದೆ.

ಅಪ್ಪನ ಕಾಲದ ಸುತ್ತಿಗೆಯನ್ನು ಬಸ್ಸಿನವರ ಕೈಯಲ್ಲಿ ನಿನಗೆ ಕಳಿಸಿದ್ದೇನೆ. ನಿನ್ನ ಹತ್ತಿರ ಇರಲಿ. ನನಗೆ ಇನ್ನು ಬೇಕಾಗುವುದಿಲ್ಲ.

ತಮ್ಮ


ಮೇ 2

ಗುಂಡ,

ಸುತ್ತಿಗೆ ತಲುಪಿತು. ಕೈಗೆ ತೆಗೆದುಕೊಂಡು ಅಳುತ್ತಾ ಕೂತೆ. ನಿನಗೆ ಬೈಯಬೇಕೆಂದು ಪೆನ್ನು ಹಿಡಿದೆ, ಆಗುತ್ತಿಲ್ಲ.

ನೀನು ಮೊದಲಿಂದ ಎಂಥವನು ಎಂದು ನನಗೆ ಹೇಳಿಕೊಡಬೇಡ. ತೊಟ್ಟಿಲಲ್ಲಿ ನಿನ್ನನ್ನು ತೂಗಿದವಳು ನಾನು. ಹೊಟ್ಟೆ ತುಂಬಿದರೆ ನಗುತ್ತಿದ್ದೆ, ಹಸಿದರೂ ನಗುತ್ತಿದ್ದೆ, ಬಿದ್ದರೆ ಎದ್ದು ನೆಲವನ್ನು ನೋಡಿ ನಗುತ್ತಿದ್ದೆ.

ಸುತ್ತಿಗೆ ವಾಪಸ್ ಬರುತ್ತಿದೆ. ಬಸ್ಸಿನವರ ಕೈಯಲ್ಲಲ್ಲ, ನನ್ನ ಚೀಲದಲ್ಲಿ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನಾನೂ ಬಂದಿರುತ್ತೇನೆ. ಮೇಲಿನ ಕೋಣೆ ಗುಡಿಸಿಡಲು ಹೇಳು.

ಅಕ್ಕ


ಮೇ 9

ಅಪ್ಪ,

ನನ್ನ ಹಿಂದಿನ ಪತ್ರಕ್ಕೆ ಉತ್ತರ ಬರಲಿಲ್ಲ. ಫೋನು ಮಾಡಿದರೆ ಅಮ್ಮ “ಮಲಗಿದ್ದಾರೆ” ಎನ್ನುತ್ತಾಳೆ. ಮಧ್ಯಾಹ್ನ ಮಲಗುವವನೇ ನೀನು? ಮುಂದಿನ ತಿಂಗಳು ಏನೇ ಆಗಲಿ ಬರುತ್ತೇನೆ.

ಅಲ್ಲಿಯವರೆಗೆ ನಾಲ್ಕನೇ ಅಧ್ಯಾಯ ಕಳಿಸುತ್ತಿದ್ದೇನೆ. ಗೆರೆ ಹಾಕದಿದ್ದರೂ ಪರವಾಗಿಲ್ಲ, ಓದು. ಇದರಲ್ಲಿ ನನ್ನನ್ನು ಬಹಳ ಕಾಡಿದ ಭಾಗ ಇದು:

‘ಈ ಬೀಗಕ್ಕೆ ಮೇಣ ತುಂಬಿದರೆ ಏನಾಗುತ್ತದೆ? ಅದನ್ನೂ ಮಾಡಿ ನೋಡಿದ್ದಾರೆ. ಕಳ್ಳಕೀಲಿಯಿಂದ ಹಸಿವು ಹೆಚ್ಚುವುದಾದರೆ, ಬೀಗವನ್ನೇ ಮುಚ್ಚಿದರೆ ಹಸಿವು ತಗ್ಗಬೇಕು ಎಂದು ಲೆಕ್ಕ ಹಾಕಿ, ಮೈ ಇಳಿಸುವವರಿಗಾಗಿ ಒಂದು ಬಗೆಯ ಮಾತ್ರೆ ಮಾಡಿದರು. ಹಸಿವು ತಗ್ಗಿತು, ಮೈಯೂ ಇಳಿಯಿತು. ಆದರೆ ಆ ಬೀಗ ಹಸಿವಿಗೆ ಮಾತ್ರ ಇದ್ದದ್ದಲ್ಲ. ಮಾತ್ರೆ ತೆಗೆದುಕೊಂಡ ಕೆಲವರಲ್ಲಿ ಸಂತೋಷವೂ ತಗ್ಗಿತು. ಇಷ್ಟವಿದ್ದ ಕೆಲಸ ಬೇಡವಾಯಿತು, ಕಾರಣವಿಲ್ಲದೆ ಭಯ ಬಂತು, ಬದುಕೇ ಬೇಡ ಎನ್ನಿಸಿದವರೂ ಇದ್ದರು. ಹಲವರು ಇದನ್ನು ಮಾತ್ರೆಯ ಕೆಲಸ ಎಂದುಕೊಳ್ಳದೆ ತಮ್ಮ ಸ್ವಭಾವ ಎಂದುಕೊಂಡರು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಕಥೆ ಇದು. ಇಂಥ ಮಾತ್ರೆ ತೆಗೆದುಕೊಳ್ಳುವವರ ಮನಸ್ಸು ಮಂಕಾದರೆ ತಡಮಾಡದೆ ಡಾಕ್ಟರಿಗೆ ಹೇಳಬೇಕು.’

ಸ್ವಭಾವದ ಸಾಲನ್ನು ತೆಗೆಯೋಣವೇ ಎಂದು ಸಂಪಾದಕಿ ಕೇಳಿದರು. ಇರಲಿ ಅಂದೆ. ನಿನಗೆ ಏನನ್ನಿಸುತ್ತದೆ ಬರಿ.

ನಿನ್ನ ಪೆನ್ಸಿಲ್


ಮೇ 18

ಕಂದಾ,

ನಾನು ಪತ್ರ ಬರೆಯುವವಳಲ್ಲ, ಕೊನೆಯಲ್ಲಿ ಎರಡು ಸಾಲು ಸೇರಿಸುವವಳು. ಇವತ್ತು ಪೂರ್ತಿ ನಾನೇ ಬರೆಯಬೇಕು. ಮೊದಲೇ ಹೇಳಿಬಿಡುತ್ತೇನೆ, ಅಪ್ಪ ಚೆನ್ನಾಗಿದ್ದಾರೆ. ಈಗ ಉಳಿದದ್ದನ್ನು ಓದು.

ಅವರು ಜನವರಿಯಿಂದ ಮೈ ಇಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ನಿನಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ನೀನು ಬಂದಾಗ ಅಚ್ಚರಿಯಾಗಲಿ ಎಂದು ನಾನೂ ಸುಮ್ಮನಿದ್ದೆ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅಷ್ಟು ಬಂಗಾರ ತುಂಬಿದ ಮೇಲೆಯೇ ನನಗೆ ಹೆದರಿಕೆಯಾದದ್ದು.

ನಿನ್ನ ಅತ್ತೆ ಬಂದಿದ್ದಾರೆ, ಚೀಲದಲ್ಲಿ ಸುತ್ತಿಗೆ ಇಟ್ಟುಕೊಂಡು. ನಿನ್ನ ಕವರು ಬಂದ ದಿನ ಅಪ್ಪ ಅದನ್ನು ಮುಟ್ಟಲಿಲ್ಲ. ನಾನೇ ಒಡೆದು, ಬಟ್ಟೆ ಕತ್ತರಿಸುವ ಮೇಜಿನ ಹತ್ತಿರ ನಿಂತು ಜೋರಾಗಿ ಓದಿದೆ. ಅವರು ಗೋಡೆಗೆ ಒರಗಿ ಕೂತಿದ್ದರು, ಅತ್ತೆ ಗುಂಡಿ ಹೊಲಿಯುತ್ತಿದ್ದರು. ಬೀಗಕ್ಕೆ ಮೇಣ ತುಂಬುವ ಕಡೆಯಿಂದ ಸ್ವಭಾವದ ಸಾಲಿನವರೆಗೆ ನಿಲ್ಲಿಸದೆ ಓದಿದೆ. ಅತ್ತೆ ಸೂಜಿ ಕೆಳಗಿಟ್ಟು “ಆ ಸಾಲು ಇನ್ನೊಂದ್ಸಲ ಓದು” ಅಂದರು. ಓದಿದೆ. ಅಪ್ಪ ತಲೆ ಎತ್ತಿ, “ಸ್ವಭಾವ ಅಂದ್ಕೊಂಡರು ಅಂತ ಬರೆದಿದ್ದಾಳಾ?” ಎಂದು ಕೇಳಿದರು. ಎಷ್ಟೋ ದಿನದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ ಅದು.

ಅತ್ತೆ ಎದ್ದು ಹೋಗಿ ಮಾತ್ರೆಯ ಡಬ್ಬಿ ತಂದರು. ಒಳಗೆ ಮಡಿಸಿಟ್ಟ ಕಾಗದವನ್ನು ಮೇಜಿನ ಮೇಲೆ ಬಿಡಿಸಿ ಭೂತಗನ್ನಡಿ ಹಿಡಿದೆವು. ಇರುವೆಯಂಥ ಅಕ್ಷರದಲ್ಲಿ ನೀನು ಬರೆದದ್ದೇ ಇತ್ತು. ಹಸಿವು, ಅದೇ ಬೀಗ, ಮನಸ್ಸು ಕುಗ್ಗುವುದು, ಎಲ್ಲ.

ಆಗಲೇ ಮೂವರೂ ಡಾಕ್ಟರ ಹತ್ತಿರ ಹೋದೆವು. “ಯಾಕ್ರೀ ಮೊದಲೇ ಹೇಳಲಿಲ್ಲ? ಪ್ರತಿ ಸಲ ಕೇಳ್ತಿದ್ದೆನಲ್ಲ” ಅಂದರು ಡಾಕ್ಟರು. ಅಪ್ಪ ಹೇಳಿದರು, “ನೀವು ತೊಂದರೆ ಇದೆಯಾ ಅಂತ ಕೇಳಿದ್ರಿ. ಮಾತ್ರೆದು ಕೇಳ್ತಿದ್ದೀರಿ ಅಂದ್ಕೊಂಡೆ. ಇದು ನಂದು ಅಂದ್ಕೊಂಡಿದ್ದೆ.” “ನಾನು ಸರಿಯಾಗಿ ಕೇಳಬೇಕಿತ್ತು” ಎಂದರು ಡಾಕ್ಟರು. ಆಮೇಲೆ, ಸಾಯಬೇಕು ಅಂತ ಅನ್ನಿಸಿತ್ತಾ ಎಂದು ನೇರವಾಗಿ ಕೇಳಿದರು. ಅಪ್ಪ ಹೌದು ಅಂದರು. ನಾನು ಪಕ್ಕದಲ್ಲೇ ಕೂತಿದ್ದೆ ಕಂದಾ. ಅವರ ಕೈ ಹಿಡಿದುಕೊಂಡೆ, ಬೇರೇನೂ ತೋಚಲಿಲ್ಲ.

ಮಾತ್ರೆ ನಿಲ್ಲಿಸಿದ್ದಾರೆ. ಮೈಯಿಂದ ಅದು ಪೂರ್ತಿ ಹೋಗಲು ಕೆಲವು ವಾರ ಬೇಕಂತೆ. ವಾರಕ್ಕೊಮ್ಮೆ ಬಂದು ಮಾತಾಡಬೇಕು, ಅಲ್ಲಿಯವರೆಗೆ ಒಬ್ಬರನ್ನೇ ಬಿಡಬಾರದು ಎಂದಿದ್ದಾರೆ. ಬಿಡುವ ಪ್ರಶ್ನೆಯೇ ಇಲ್ಲ, ಅತ್ತೆ ಬಚ್ಚಲುಮನೆಯ ಬಾಗಿಲಲ್ಲೂ ಕಾವಲು ನಿಲ್ಲುತ್ತಾರೆ. ದಾರಿಯಲ್ಲಿ ಬರುವಾಗ ಅಪ್ಪ ಒಂದೇ ಮಾತು ಹೇಳಿದರು. “ಹಾಗಾದ್ರೆ ಅದು ನಾನಲ್ಲ” ಅಂದರು.

ನಿನ್ನ ಅಮ್ಮ


ಮೇ 23

ಅಮ್ಮ,

ಇವತ್ತು ಫೋನಿನಲ್ಲಿ ಇಬ್ಬರೂ ಅತ್ತದ್ದೇ ಆಯಿತು, ಮಾತಾಡಲಿಲ್ಲ. ಹೇಳಬೇಕಾದ್ದನ್ನು ಬರೆದುಬಿಡುತ್ತೇನೆ. ನಾಳೆ ಬೆಳಿಗ್ಗೆ ಹೊರಡುತ್ತೇನೆ, ಈ ಪತ್ರಕ್ಕಿಂತ ಮೊದಲು ನಾನೇ ತಲುಪಬಹುದು.

ನಿನ್ನ ಪತ್ರವನ್ನು ಆಫೀಸಿನ ಮೆಟ್ಟಿಲ ಮೇಲೆ ಕೂತು ಓದಿದೆ. ಅಪ್ಪ ಚೆನ್ನಾಗಿದ್ದಾರೆ ಎಂಬ ಸಾಲಿಗೆ ಮತ್ತೆ ಮತ್ತೆ ಹಿಂದಕ್ಕೆ ಹೋಗಿ, ಅದನ್ನು ಹಿಡಿದುಕೊಂಡು ಮುಂದೆ ಓದಿದೆ. ಹೋದ ಜೀವ ಬಂದಂತಾಯಿತು. ಸಂಪಾದಕಿ ನೀರು ತಂದುಕೊಟ್ಟು, ನಾನು ಕೇಳುವ ಮೊದಲೇ ರಜೆ ಬರೆದರು.

ಊರಿಗೆಲ್ಲ ಈ ಬೀಗದ ಕಥೆ ಹೇಳುತ್ತಾ ಕೂತಿದ್ದೆ, ದೀಪದ ಬುಡದಲ್ಲೇ ಕತ್ತಲೆ ಇತ್ತು. ಅಪ್ಪನ ಪತ್ರದಲ್ಲಿ ತಮಾಷೆ ಇಲ್ಲ ಎಂದು ಕಂಡಿತ್ತು, ಕೋಪ ಇರಬಹುದು ಎಂದುಕೊಂಡೆ. ಇನ್ನು ಮೇಲೆ ನಿಮ್ಮ ಮೂವರಲ್ಲಿ ಯಾರಾದರೂ ನನಗೆ ಅಚ್ಚರಿ ಮಾಡಲು ಹೊರಟರೆ ನಾನು ಮಾತು ಬಿಡುತ್ತೇನೆ.

ಅಪ್ಪನಿಗೆ ಹೇಳು, ಗುಂಡಗೆ ಇದ್ದರೂ ನನಗೆ ಅವನೇ ಬೇಕು. ಮಂಡಿಗೆ ಬೇರೆ ದಾರಿ ಹುಡುಕೋಣ.

ಪೆನ್ಸಿಲ್


ಜೂನ್ 27

ಪೆನ್ಸಿಲ್,

ನೀನು ಹೊರಟ ಮೇಲೆ ಅತ್ತೆ ನಿನ್ನ ಮಂಚವನ್ನು ಆಕ್ರಮಿಸಿಕೊಂಡಿದ್ದಾಳೆ. ಇಳಿಯುವ ಲಕ್ಷಣ ಇಲ್ಲ.

ಒಂದೇ ದಿನ ದೀಪ ಹಾಕಿದ ಹಾಗೆ ಆಗಲಿಲ್ಲ. ಕೆಲವು ದಿನ ಬೆಳಿಗ್ಗೆ ಹಗುರ, ಮಧ್ಯಾಹ್ನ ಮತ್ತೆ ಭಾರ. ಡಾಕ್ಟರು ಹಾಗೇ ಇರುತ್ತದೆ ಎಂದಿದ್ದಾರೆ. ಮೊನ್ನೆ ಊಟಕ್ಕೆ ಕೂತಾಗ ಒಳಗಿನಿಂದ ಒಂದು ಸದ್ದು ಬಂತು. ನಿನ್ನ ಅಮ್ಮ ಬೆಕ್ಕು ಎಂದು ಮೇಜಿನ ಕೆಳಗೆ ನೋಡಿದಳು. ನನ್ನ ಹೊಟ್ಟೆ. ಅದಕ್ಕೆ ಅತ್ತೆ ನಕ್ಕಳು, ನಾನೂ ನಕ್ಕೆ. ನಗುತ್ತಿದ್ದೇನೆ ಎಂದು ಗೊತ್ತಾಗಿ ಕಣ್ಣಲ್ಲಿ ನೀರು ಬಂತು, ಆದರೂ ನಗು ನಿಲ್ಲಲಿಲ್ಲ. ಅಣು ಯಾವುದು, ಕೀಲಿ ಯಾವುದು ನೀನು ಲೆಕ್ಕ ಹಾಕಿಕೋ. ನನಗೆ ಅದು ತೂತು ಬಿದ್ದ ದೋಣಿಯಿಂದ ದಡಕ್ಕೆ ಕಾಲಿಟ್ಟ ಹಾಗಿತ್ತು.

ಮಂಡಿಗೆ ಈಜುಕೊಳದಲ್ಲಿ ನಡೆಯಲು ಹೇಳಿದ್ದಾರೆ. ನೀರಿನಲ್ಲಿ ನಾನು ಹಗುರ. ಮೈ ನಿಧಾನವಾಗಿ ಇಳಿಯಲಿ, ವರ್ಷದ ಕೊನೆಗೆ ಮಂಡಿ ನೋಡೋಣ ಎಂದು ಮೂಳೆ ಡಾಕ್ಟರೂ ಒಪ್ಪಿದ್ದಾರೆ.

ನಾಲ್ಕನೇ ಅಧ್ಯಾಯವನ್ನು ನಾನೇ ಮತ್ತೆ ಓದಿದೆ. ಸ್ವಭಾವದ ಸಾಲನ್ನು ತೆಗೆಯಬೇಡ. ತೆಗೆದರೆ ನಿಮ್ಮ ಸಂಪಾದಕಿಯ ಕುರ್ಚಿಯನ್ನು ನಾನು ರಿಪೇರಿ ಮಾಡುತ್ತೇನೆ ಎಂದು ಹೇಳು.

ನಿನ್ನ ಅಪ್ಪ

ಅಮ್ಮ ಬರೆಯುವುದು: ಮತ್ತೆ ಮಾತು ಶುರುವಾಗಿದೆ. ನನ್ನ ಕಿವಿಗೆ ಬಿಡುವಿಲ್ಲ. ಹಾಗೇ ಇರಲಿ.


ಜುಲೈ 20

ಪ್ರೀತಿಯ ಪೆನ್ಸಿಲ್,

ಐದನೇ ಅಧ್ಯಾಯದಲ್ಲಿ ಐದು ಕಡೆ ಆಕಳಿಸಿದೆ. ಗೆರೆ ಹಾಕಿ ಕಳಿಸಿದ್ದೇನೆ, ಅಳಬೇಡ.

ನಿನ್ನೆ ಹೆಡ್‌ಮಿಸ್ಸರ ಕುರ್ಚಿಗೆ ಕೈ ಹಾಕಿದೆ. ಇಷ್ಟು ದಿನ ಅದು ಮೂಲೆಯಲ್ಲಿ ಕೂತು ನನ್ನನ್ನೇ ನೋಡುತ್ತಿತ್ತು. ಬಿಚ್ಚುವ ಮೊದಲು ಕೂತು ನೋಡಿದೆ. ಅಬ್ಬಬ್ಬಾ, ಅಂಥ ಕುರ್ಚಿಯನ್ನು ಶತ್ರುವಿಗೂ ಕೊಡಬಾರದು. ಸಿಟ್ಟಿಲ್ಲದ ಮನುಷ್ಯ ಇಷ್ಟು ಬಿಗಿಯಾಗಿ ಹುರಿ ಎಳೆಯಲಾರ ಎನ್ನಿಸುತ್ತದೆ, ಆದರೆ ನನಗೆ ಆಗ ಸಿಟ್ಟೂ ಇರಲಿಲ್ಲ. ಕಟ್ಟಿದವನು ನೆನಪಾಗಿ ಪಾಪ ಅನ್ನಿಸಿತು. ಸುತ್ತಿಗೆಯ ಹಿಂಬದಿಯಿಂದ ಮೊಳೆ ಎಬ್ಬಿಸಿ, ಬಟ್ಟೆ ತೆಗೆದು, ಹತ್ತಿ ಎತ್ತಿದೆ. ಹುರಿ ಕತ್ತರಿಸಿದ ಕೂಡಲೇ ಸ್ಪ್ರಿಂಗುಗಳು ಒಂದೊಂದಾಗಿ ಎದ್ದು ನಿಂತವು. ಹಿಡಿದುಕೊಳ್ಳುವಷ್ಟು ಮಾತ್ರ ಮತ್ತೆ ಕಟ್ಟಿದೆ.

ಹೆಡ್‌ಮಿಸ್ ಬಂದು ಕೂತರು. ಎರಡು ಸಲ ಸಣ್ಣಗೆ ಕುಣಿದು ನೋಡಿದರು, ಅವರ ವಯಸ್ಸು ನಿನಗೆ ಗೊತ್ತಲ್ಲ. “ಈಗ ಪಾಸು” ಅಂದರು. ನನ್ನ ಮುಖ ನೋಡಿ, “ನೀವೂ ಪಾಸು” ಅಂದರು. ನಾನು ಪರೀಕ್ಷೆಗೆ ಕೂತದ್ದು ಅವರಿಗೆ ಹೇಗೆ ಗೊತ್ತಾಯಿತೋ ಕಾಣೆ.

ನಿನಗೆ ಒಂದು ಬಾಕಿ ಉತ್ತರ ಕೊಡಬೇಕು. ಏಪ್ರಿಲ್‌ನಲ್ಲಿ ನೀನು ಬರೆದ ಪತ್ರವನ್ನು ನಾನು ಓದಿರಲಿಲ್ಲ. ಕೈಗೆ ಬಂದ ದಿನ ಒಡೆಯಲು ಮನಸ್ಸಾಗಲಿಲ್ಲ. ಎದುರಿಗೆ ಇದ್ದರೆ ಓದು ಎನ್ನುತ್ತದೆ ಎಂದು, ಕಣ್ಣಿಗೆ ಕಾಣದ ಕಡೆ ಇಟ್ಟುಬಿಟ್ಟೆ. ಎಲ್ಲಿ ಎಂದು ನನಗೇ ಮರೆತುಹೋಗಿತ್ತು. ನಿನ್ನೆ ಓದಿದೆ. ಮೂರು ಪ್ರಶ್ನೆ ಕೇಳಿದ್ದೀಯ, ಉತ್ತರ ಬೇಕೇ ಬೇಕು ಎಂದಿದ್ದೀಯ.

ರಾತ್ರಿ ನಿದ್ದೆ ಬರುತ್ತದೆ. ಗೊರಕೆಯೂ ಬರುತ್ತದಂತೆ, ಅದು ಅಮ್ಮನ ದೂರು.

ಕೊನೆಯ ಸಲ ನಕ್ಕದ್ದು ಈಗಷ್ಟೇ, ‘ನಾನು ಯಾವಾಗಿನಿಂದ ನಿನಗೆ ಮಗಳಾದೆ’ ಎಂಬ ಸಾಲು ಇನ್ನೊಮ್ಮೆ ಓದಿ.

ಈ ಸಲ ಬಂದದ್ದು ಸೋಫಾದಿಂದಲ್ಲ, ಹೆಡ್‌ಮಿಸ್ಸರ ಕುರ್ಚಿಯಿಂದ. ಹತ್ತಿಯ ಕೆಳಗೆ, ಬಿಗಿದ ಹುರಿಯ ಮೇಲೆ, ಇನ್ನೂ ಒಡೆಯದೆ, ನಿನ್ನ ಪತ್ರ.

ನಿನ್ನ ಅಪ್ಪ